ಮಗಳಿಗೆ ನೀರೆರೆಯಲು ಕಲಿತದ್ದು

ನಮ್ಮ ಮನೆಗೆ ಬಂದ ಎರೆಯುವ ಅಜ್ಜಿ ನಾಲ್ಕೇ ದಿನಕ್ಕೆ ಕೋಪ ಮಾಡಿಕೊಂಡು ಹೋದರು. ತಪ್ಪು ನನ್ನದೂ ಇತ್ತು, ದೊಡ್ಡವರಿಗೆ ಹೇಗೆ ಹೇಳಬೇಕು ಅನ್ನೋದು ನನಗೆ ಗೊತ್ತಾಗಲಿಲ್ಲ. ಹೆಂಡತಿಗೆ ಸಿಸೇರಿಯನ್ ಆಗಿತ್ತು, ಬಗ್ಗುವ ಹಾಗಿರಲಿಲ್ಲ. ಅತ್ತೆಗೆ ಮಂಡಿ ನೋವು, ಕೆಳಗೆ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು. ಉಳಿದವನು ನಾನು. ಬನಶಂಕರಿ ಮೂರನೇ ಹಂತದಲ್ಲಿ ಬಾಡಿಗೆ ಮನೆ, ಡಿಸೆಂಬರ್ ಚಳಿ, 2 ಕಿಲೋ 900 ಗ್ರಾಂ ತೂಕಕ್ಕೆ ಹುಟ್ಟಿದ ಮಗಳು, ಮತ್ತೆ ಅಲ್ಲಿಯವರೆಗೆ ನಾಯಿಮರಿಗೂ ಸ್ನಾನ ಮಾಡಿಸಿ ಗೊತ್ತಿಲ್ಲದ ಅಪ್ಪ.

ಅಜ್ಜಿಗಿಂತ ಮುಂಚಿನ ಕಥೆ ಸ್ವಲ್ಪ ಇದೆ. ಹುಟ್ಟಿದಾಗ ಮಗುವಿನ ಮೈಮೇಲೆ ಬೆಣ್ಣೆ ಸವರಿದ ಹಾಗೆ ಬಿಳಿ ಲೇಪ ಇತ್ತು. ಆಸ್ಪತ್ರೆಯಲ್ಲಿ ರಕ್ತ ಗಿಕ್ತ ಒರೆಸಿ, ಬಟ್ಟೆ ಸುತ್ತಿ, ಅಮ್ಮನ ಎದೆಯ ಮೇಲೆ ಮಲಗಿಸಿಬಿಟ್ಟರು. "ಸ್ನಾನ ಮಾಡಿಸಲೇ ಇಲ್ವಲ್ಲ" ಅಂತ ಅತ್ತೆಗೆ ಕಸಿವಿಸಿ. ನರ್ಸ್ ಬಿಡಿಸಿ ಹೇಳಿದರು. ಆ ಲೇಪ ಚರ್ಮ ಒಣಗದ ಹಾಗೆ ಕಾಯುತ್ತದೆ, ಅದನ್ನು ಉಜ್ಜಿ ತೆಗೆಯಬಾರದು. ಮೈ ಒದ್ದೆಯಾದರೆ ಹಸುಗೂಸಿನ ಮೈಬಿಸಿ ಬೇಗ ಇಳಿದುಹೋಗುತ್ತದೆ. ಹಾಗಾಗಿ ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆಯಾದರೂ ಕಾಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಮೂರನೇ ದಿನ ಎದೆ, ಬೆನ್ನ ಮೇಲೆಲ್ಲ ಕೆಂಪು ಮಚ್ಚೆ, ನಡುವೆ ಸಾಸಿವೆಯಷ್ಟು ಹಳದಿ ಗುಳ್ಳೆ. ಸೊಳ್ಳೆ ಕಡಿದಿದೆ ಅಂದುಕೊಂಡು ರಾತ್ರಿ ಹತ್ತೂವರೆಗೆ ಸ್ಕೂಟರ್ ಹತ್ತಿ ಸೊಳ್ಳೆಪರದೆ ಹುಡುಕಿಕೊಂಡು ಹೋದೆ. ಬೆಳಗ್ಗೆ ಡಾಕ್ಟರ್ ನೋಡಿ ನಕ್ಕರು. ಹುಟ್ಟಿದ ಮಕ್ಕಳಲ್ಲಿ ಇದು ಮಾಮೂಲಿ, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ ಅಂದರು. ಹೋಯಿತು. ಮೂಗಿನ ಮೇಲಿನ ಬಿಳಿ ಚುಕ್ಕಿಗಳೂ ಹಾಗೆಯೇ. ಮೊದಲ ವಾರ ಮಣಿಕಟ್ಟು, ಪಾದದ ಹತ್ತಿರ ಸಿಪ್ಪೆ ಎದ್ದಿತು, ಅದಕ್ಕೂ ಏನೂ ಹಚ್ಚಲಿಲ್ಲ. ನಿಜ ಹೇಳಬೇಕೆಂದರೆ ಆ ತಿಂಗಳಲ್ಲಿ ನನಗೆ ಕಷ್ಟವಾಗಿದ್ದು ಏನಾದರೂ ಮಾಡೋದಲ್ಲ, ಏನೂ ಮಾಡದೆ ಸುಮ್ನೆ ಕೂರೋದು.

ಹೊಕ್ಕುಳಬಳ್ಳಿ ಬೀಳುವವರೆಗೆ ಬರೀ ಒರೆಸಿದ್ದು, ನೀರು ಎರೆದಿಲ್ಲ. ಬಳ್ಳಿಗೆ ಅರಿಶಿನ ಇಲ್ಲ, ವಿಭೂತಿ ಇಲ್ಲ, ಎಣ್ಣೆ ಇಲ್ಲ. ಡೈಪರನ್ನು ಅದರ ಕೆಳಗೆ ಮಡಚಿ, ಗಾಳಿಯಾಡಲು ಬಿಟ್ಟೆವು. ಒಂಬತ್ತನೇ ದಿನ ಒಣಗಿ ತಾನಾಗಿ ಬಿತ್ತು.

ಹನ್ನೊಂದಕ್ಕೆ ನಾಮಕರಣ, ಮಾರನೇ ದಿನವೇ ಅಜ್ಜಿ ಹಾಜರು. ಅವರ ಕೈಚಳಕ ನೋಡಬೇಕಿತ್ತು. ಕಾಲು ಚಾಚಿ ಮಣೆ ಮೇಲೆ ಕೂತು, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡರೆ ಅದು ಅಳುವುದನ್ನೇ ಮರೆಯುತ್ತಿತ್ತು. ಆದರೆ ಆಮೇಲೆ ಶುರುವಾಗುವ ಕೆಲಸಗಳು! ಕಡಲೆಹಿಟ್ಟು ಕಲಸಿ ಬೆನ್ನಿನ ಕೂದಲು ಉದುರಲಿ ಅಂತ ಉಜ್ಜೋದು, ಮೂಗು ಉದ್ದವಾಗಲಿ ಅಂತ ಎಳೆಯೋದು, ಮೂಗಿಗೂ ಕಿವಿಗೂ ಎಣ್ಣೆ ಬಿಡೋದು, ಕಡೆಗೆ ಸಾಂಬ್ರಾಣಿ ಹೊಗೆ. ನಾಲ್ಕನೇ ದಿನ ಎದೆ ಸ್ವಲ್ಪ ಊದಿದೆ ಅಂತ ಹಿಂಡಲು ಹೊರಟರು. ನಾನು ಕೈ ಅಡ್ಡ ಹಿಡಿದೆ.

"ಏನಪ್ಪಾ, ಮೂವತ್ತು ವರ್ಷದಿಂದ ಎರೀತಿದೀನಿ. ನೀನು ಮೊಬೈಲ್ ನೋಡ್ಕಂಡು ನನಗೆ ಹೇಳಿಕೊಡ್ತೀಯಾ?"

ಮೊಬೈಲ್ ಅಲ್ಲ, ಡಾಕ್ಟರೇ ಹೇಳಿದ್ದು ಅಂದರೂ ಕೇಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಎದೆ ಊದೋದು ಅಮ್ಮನ ಹಾರ್ಮೋನಿನಿಂದ. ಗಂಡು ಮಗುವಿಗೂ ಆಗುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಿಂಡಿದರೆ ಕೀವು ತುಂಬುವ ಭಯ. ಎಣ್ಣೆ ಮೂಗಿನಿಂದ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹೆಣ್ಣು ಕೂಸಿನ ಕೆಳಗೆ ಮೊದಲ ದಿನಗಳಲ್ಲಿ ಕಾಣುವ ಬಿಳಿ ಲೋಳೆಯೂ ಹಾರ್ಮೋನಿನದೇ, ಅದನ್ನು ಕೆದಕಿ ತೆಗೆಯಬಾರದು, ಮುಂದಿನಿಂದ ಹಿಂದಕ್ಕೆ ಮೆತ್ತಗೆ ಒರೆಸಿದರೆ ಸಾಕು.

ಅಜ್ಜಿಯ ಕೂರುವ ಭಂಗಿಯನ್ನು ಮಾತ್ರ ನಾನು ಹಾಗೇ ಕದ್ದೆ. ಪೇಟೆಯಿಂದ ತಂದ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಗು ಜಾರುತ್ತಿತ್ತು, ನನ್ನ ಕೈ ನಡುಗುತ್ತಿತ್ತು, ಇಬ್ಬರೂ ಅಳುವುದೊಂದು ಬಾಕಿ. ಮಣೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು, ಕಾಲ ಮೇಲೆ ಹಳೇ ಕಾಟನ್ ಬಟ್ಟೆ ಹಾಸಿ ಮಲಗಿಸಿಕೊಂಡ ದಿನ ಎಲ್ಲ ಸರಿಹೋಯಿತು. ಒಂದು ಕೈ ಕತ್ತಿನ ಕೆಳಗೆ, ಅದು ಕದಲುವ ಹಾಗಿಲ್ಲ, ಫೋನ್ ಬಂದರೂ ಬಾಗಿಲು ತಟ್ಟಿದರೂ.

ನೀರಿನ ವಿಷಯ ಬೆಂಗಳೂರಿನವರಿಗೆ ಜಾಸ್ತಿ ಹೇಳಬೇಕು. ಮೊದಲನೆಯದು ಬಿಸಿ. ನಮ್ಮ ತಾರಸಿ ಮೇಲೆ ಸೋಲಾರ್ ಇದೆ. ನಲ್ಲಿ ತಿರುಗಿಸಿದರೆ ಮೊದಲು ಒಂದು ಬಕೆಟ್ ತಣ್ಣೀರು, ಆಮೇಲೆ ಒಂದೇ ಸಲ ಕೈ ಸುಡುವ ನೀರು. ಅದಕ್ಕೇ ಮಗುವನ್ನು ನಲ್ಲಿಯ ಕೆಳಗೆ ಹಿಡಿಯುವ ಮಾತೇ ಇಲ್ಲ, ಮಲದ ಬಟ್ಟೆ ಬದಲಿಸುವಾಗಲೂ ಇಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಚೆನ್ನಾಗಿ ಕಲಕಿ ಮೊಳಕೈ ಅದ್ದಿ ನೋಡುತ್ತಿದ್ದೆ. ಬಿಸಿ ಅಂತಲೂ ಅನ್ನಿಸಬಾರದು, ತಣ್ಣಗೆ ಅಂತಲೂ ಅನ್ನಿಸಬಾರದು. ಮೊದಲ ವಾರ ನಂಬಿಕೆ ಸಾಲದೆ ಥರ್ಮಾಮೀಟರ್ ಇಟ್ಟೆ, 37ರಿಂದ 38 ಡಿಗ್ರಿ. ಬೆರಳ ತುದಿಯನ್ನು ನಂಬಬೇಡಿ, ದಿನಾ ಬಿಸಿ ಲೋಟ ಹಿಡಿದು ಅದು ಜಡ್ಡುಗಟ್ಟಿರುತ್ತದೆ.

ಎರಡನೆಯದು ಗಡಸು. ನಮ್ಮ ಕಟ್ಟಡಕ್ಕೆ ಕಾವೇರಿ ದಿನ ಬಿಟ್ಟು ದಿನ, ಉಳಿದಂತೆ ಬೋರ್‌ವೆಲ್. ಬೋರ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬರಲಿಲ್ಲ ಅಂತ ಇನ್ನಷ್ಟು ಹಚ್ಚುತ್ತೇವೆ, ಅದು ಜಿಡ್ಡಾಗಿ ಚರ್ಮದ ಮೇಲೇ ಕೂರುತ್ತದೆ. ಬಕೆಟ್ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಅದೇ. ಮಗಳ ಕೆನ್ನೆ, ಮೊಣಕಾಲು ಒರಟಾದಾಗ ನಾನು ಕಾವೇರಿ ಬಂದ ದಿನ ಒಂದು ದೊಡ್ಡ ಡ್ರಮ್ ತುಂಬಿ ಮುಚ್ಚಿಡಲು ಶುರು ಮಾಡಿದೆ. ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತರುವ ನೀರು, ಅರ್ಧ ಬಕೆಟ್ ಇವಳಿಗೆ ಅಂತ ಇಟ್ಟರೆ ಯಾರಿಗೇನು ನಷ್ಟ?

ಮೂರನೆಯದನ್ನು ಗೆಳೆಯನ ಮನೆ ನೋಡಿ ಹೇಳುತ್ತಿದ್ದೇನೆ. ಬಚ್ಚಲೊಳಗೇ ಗ್ಯಾಸ್ ಗೀಸರ್ ಇರುವವರು, ಮಗುವಿಗೆ ಚಳಿ ಆಗಬಾರದು ಅಂತ ಕಿಟಕಿ ಬಾಗಿಲು ಮುಚ್ಚಿ ಅದನ್ನು ಉರಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ನಮ್ಮ ಊರಲ್ಲೇ ಇದರಿಂದ ಜೀವ ಹೋದ ಸುದ್ದಿ ಓದಿದ್ದೇವೆ. ನೀರು ಕಾಯಿಸಿ, ಗೀಸರ್ ಆರಿಸಿ, ಗಾಳಿ ಹೋಗಲು ಬಿಟ್ಟು, ಆಮೇಲೆ ಮಗುವನ್ನು ಒಳಗೆ ತನ್ನಿ.

ದಿನಾ ಸ್ನಾನ ಬೇಡ ಅಂದಾಗ ಮನೆಯಲ್ಲಿ ಸಣ್ಣ ಯುದ್ಧ ಆಯಿತು. ವಾರಕ್ಕೆ ಎರಡು ಮೂರು ಸಲ ಸಾಕು ಅಂದಿದ್ದರು ಡಾಕ್ಟರ್. ಹಸುಗೂಸಿನ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು, ಪದೇಪದೇ ತೊಳೆದರೆ ಒಣಗುತ್ತದೆ. "ಸ್ನಾನ ಇಲ್ಲದ ಮಗು ಹೇಗೆ ನಿದ್ದೆ ಮಾಡುತ್ತೆ?" ಅಂದರು ಅತ್ತೆ. ಕೊನೆಗೆ ರಾಜಿ: ದಿನ ಬಿಟ್ಟು ದಿನ ಸ್ನಾನ, ನಡುವಿನ ದಿನ ಮುಖ, ಕತ್ತು, ಕಂಕುಳು, ಕೆಳಗೆ ಮಾತ್ರ ಒರೆಸೋದು. ಹೊತ್ತು ಹನ್ನೊಂದು ಗಂಟೆ, ಬಿಸಿಲು ಏರಿದ ಮೇಲೆ. ಫ್ಯಾನ್ ಆಫ್. ಬಟ್ಟೆ, ಡೈಪರ್ ಮೊದಲೇ ಹಾಸಿಗೆಯ ಮೇಲೆ ಹರಡಿ ರೆಡಿ. ಐದಾರು ನಿಮಿಷದ ಕೆಲಸ. ಮುಖಕ್ಕೆ ಬರೀ ನೀರು, ಕಣ್ಣು ಒರೆಸುವಾಗ ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ತಲೆಗೆ ನೀರು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಒದ್ದೆ ತಲೆಯಿಂದಲೇ ಚಳಿ ಹತ್ತೋದು ಜಾಸ್ತಿ.

ಸೋಪಿಗೆ ಸುಮ್ನೆ ದುಡ್ಡು ಸುರಿದೆ ಅನ್ನಿ. ಉಡುಗೊರೆ ಬಂದ ಬೇಬಿ ಸೋಪುಗಳೇ ಒಂದು ಬುಟ್ಟಿ ಇದ್ದವು, ಎಲ್ಲಕ್ಕೂ ಘಮ. ಮಾಮೂಲಿ ಸೋಪಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9ರಿಂದ 10 ಇರುತ್ತದೆ, ಚರ್ಮಕ್ಕೆ ಬೇಕಾದದ್ದು 5.5ರ ಆಸುಪಾಸು. ಮೊದಲ ತಿಂಗಳು ಬರೀ ನೀರಲ್ಲೇ ಮುಗಿಸಿದೆ. ಆಮೇಲೆ ಪರಿಮಳವಿಲ್ಲದ, ಸೋಪಲ್ಲದ ಲಿಕ್ವಿಡ್ ಒಂದು, ಅದೂ ಕಂಕುಳು, ತೊಡೆಸಂದಿಗೆ ಎರಡು ಹನಿ. ಬುಟ್ಟಿ ಸೋಪುಗಳನ್ನು ನಾವೇ ಹಚ್ಚಿಕೊಂಡು ಮುಗಿಸಿದೆವು, ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ವಾಸನೆ ಹಿಡಿದು ನಗುತ್ತಿದ್ದ.

ಎಣ್ಣೆ ಮಾತ್ರ ಬಿಡಲಿಲ್ಲ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಗಾಣದ ಕೊಬ್ಬರಿ ಎಣ್ಣೆ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೆಲ್ಲಗೆ ಸವರೋದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎಳೇ ಚರ್ಮದ ಪದರಕ್ಕೆ ಒಳ್ಳೆಯದಲ್ಲ. ಅತ್ತೆ ನೆತ್ತಿಗೆ ಹರಳೆಣ್ಣೆ ತಟ್ಟಲೇಬೇಕು ಅಂದರು, ಒಂದು ಹನಿಗೆ ಒಪ್ಪಿದೆ, ಒತ್ತುವ ಹಾಗಿಲ್ಲ ಅಂದೆ. ಎರಡನೇ ತಿಂಗಳಲ್ಲಿ ನೆತ್ತಿಯ ಮೇಲೆ ಹಳದಿ ಹಕ್ಕಳೆ ಕಟ್ಟಿದಾಗಲೂ ಕೊಬ್ಬರಿ ಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಮೆತ್ತನೆ ಬ್ರಷ್ಷಿನಲ್ಲಿ ಬಾಚಿದರೆ ಬಂತು. ಉಗುರಿನಲ್ಲಿ ಕೀಳಬಾರದು. ಕಾಡಿಗೆ ಕಣ್ಣಿಗೆ ಇಲ್ಲವೇ ಇಲ್ಲ, ಅದರಲ್ಲಿ ಸೀಸ ಇರಬಹುದು. ದೃಷ್ಟಿಬೊಟ್ಟು ಅಂಗಾಲಿಗೆ ಇಳಿಯಿತು. ಸಾಂಬ್ರಾಣಿ ದೇವರ ಮನೆಗೆ ಹೋಯಿತು.

ನನ್ನ ದೊಡ್ಡ ತಪ್ಪು ಕತ್ತಿನಲ್ಲಿ ಆಯಿತು. ಐದನೇ ವಾರಕ್ಕೆ ಮಗಳು ಗುಂಡಗಾದಳು, ಕತ್ತು ಮಡಿಕೆ ಮಡಿಕೆ. ಹಾಲು ಸೋರಿ ಅಲ್ಲಿಗೆ ಇಳಿಯುತ್ತಿತ್ತು. ನಾನು ಮೇಲೆ ಮೇಲೆ ಒರೆಸಿ, ಘಮ್ಮೆನ್ನಲಿ ಅಂತ ಪೌಡರ್ ಉದುರಿಸಿದೆ. ಮೂರು ದಿನಕ್ಕೆ ಹುಳಿ ವಾಸನೆ. ಮಡಿಕೆ ಬಿಡಿಸಿ ನೋಡಿದರೆ ಒಳಗೆಲ್ಲ ಕೆಂಪು, ಪೌಡರ್ ಹಿಟ್ಟಿನ ಹಾಗೆ ಮುದ್ದೆಗಟ್ಟಿತ್ತು. ಡಾಕ್ಟರ್ ಒಂದು ಮುಲಾಮು ಬರೆದರು, ಪೌಡರ್ ಡಬ್ಬಿ ಬಿಸಾಕಿ ಅಂದರು, ಅದರ ಧೂಳು ಮಗುವಿನ ಶ್ವಾಸಕ್ಕೂ ಕೆಟ್ಟದ್ದು. ಅವತ್ತಿನಿಂದ ಸ್ನಾನಕ್ಕಿಂತ ಒಣಗಿಸೋದಕ್ಕೆ ಹೆಚ್ಚು ಹೊತ್ತು. ಅಪ್ಪನ ಹಳೇ ಮಲ್ಲು ಪಂಚೆ ನಾಲ್ಕು ತುಂಡು ಮಾಡಿಟ್ಟಿದ್ದೆ, ಅದರಷ್ಟು ಮೆತ್ತನೆಯ ಟವೆಲ್ ಜಯನಗರದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಉಜ್ಜಬಾರದು, ಒತ್ತಿ ಒತ್ತಿ ತೆಗೆಯಬೇಕು. ಕತ್ತು, ಕಂಕುಳು, ಕಿವಿಯ ಹಿಂದೆ, ತೊಡೆಸಂದಿ, ಮುಷ್ಟಿಯ ಒಳಗೆ ಕೂಡ, ಅಲ್ಲಿ ಸ್ವೆಟರಿನ ನೂಲು ಸೇರಿಕೊಂಡಿರುತ್ತದೆ.

ಸ್ವೆಟರ್ ಅಂದಾಗ ನೆನಪಾಯಿತು. ನಮ್ಮ ಊರಿನವರಿಗೆ ಉಣ್ಣೆ ಟೋಪಿ ಮೇಲೆ ಇರುವ ಪ್ರೀತಿ ಮಾರ್ಚಿಯಲ್ಲೂ ಇಳಿಯುವುದಿಲ್ಲ. ಚಳಿ ಹೋದ ಮೇಲೂ ಸುತ್ತಿ ಸುತ್ತಿ ಇಟ್ಟು ಇವಳಿಗೆ ಬೆನ್ನ ತುಂಬ ಬೆವರುಸಾಲೆ ಎದ್ದಿತು. ಟೋಪಿ ತೆಗೆದು ತೆಳು ಜಬಲಾ ಹಾಕಿದೆವು, ಎರಡೇ ದಿನಕ್ಕೆ ಇಳಿಯಿತು.

ಇಷ್ಟೆಲ್ಲ ಕಾದು ನೋಡಬಹುದಾದ ವಿಷಯ. ಕಾಯದೆ ಹೋಗಬೇಕಾದವು ಬೇರೆ, ಅವನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೆ. ಹೊಕ್ಕುಳ ಸುತ್ತ ಕೆಂಪಾಗಿ ವಾಸನೆ ಅಥವಾ ಕೀವು, ಮೈಮೇಲೆ ಕೀವುಗುಳ್ಳೆ ಅಥವಾ ನೀರುಗುಳ್ಳೆ, ಹಳದಿ ಬಣ್ಣ ಅಂಗೈ ಅಂಗಾಲಿಗೆ ಇಳಿದರೆ, 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಮೈ ತಣ್ಣಗಾಗಿ ಹಾಲು ಬಿಟ್ಟರೆ. ಅವಧಿಗೆ ಮುಂಚೆ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕಕ್ಕೆ ಹುಟ್ಟಿದ ಮಗುವಾದರೆ ನನ್ನ ಲೆಕ್ಕ ನಡೆಯುವುದಿಲ್ಲ, ಸ್ನಾನ ಯಾವಾಗ ಅಂತ ಡಾಕ್ಟರನ್ನೇ ಕೇಳಿ.

ಮೂರು ತಿಂಗಳಾದ ಮೇಲೆ ತರಕಾರಿ ಅಂಗಡಿ ಮುಂದೆ ಅಜ್ಜಿ ಸಿಕ್ಕರು. ನನ್ನ ಮುಖ ನೋಡಲಿಲ್ಲ, ಹೆಗಲ ಮೇಲಿದ್ದ ಕೂಸನ್ನು ಕಿತ್ತುಕೊಂಡರು. ತೋಳು ಸವರಿದರು. ಬೆನ್ನು ಎತ್ತಿ ನೋಡಿದರು, ಕೂದಲೆಲ್ಲ ತಾನೇ ಉದುರಿತ್ತು. ಆಮೇಲೆ ಕತ್ತಿನ ಮಡಿಕೆಗೆ ಬೆರಳು ಹಾಕಿ, ಆ ಬೆರಳನ್ನು ಮೂಸಿದರು. ನನ್ನ ಎದೆ ಡವಡವ.

"ಯಾವ್ ಎಣ್ಣೆನಪ್ಪಾ ಹಚ್ತಿರೋದು?" ಅಂದರು.