ಅಲಗು ಕೂರುವ ಹಾಸು: ಕೈಯಾರೆ ಹತ್ತರಿ ಕಟ್ಟುವ ಕ್ರಮ

ಮರದ ಮೈಯನ್ನು ಹೆರೆದು ನುಣುಪುಗೊಳಿಸುವ ಉಪಕರಣವನ್ನು ನಮ್ಮ ಬಡಗಿಗಳು ಸೀಮೆಗೊಂದು ಹೆಸರಿನಿಂದ ಕರೆಯುತ್ತಾರೆ. ಹತ್ತರಿ, ಕೀಸುಳಿ, ತೋಪಡ, ಉಜ್ಜುಗೊರಡು ಎಲ್ಲವೂ ಅದೇ. ಅಂಗಡಿಯಲ್ಲಿ ಸಿಗುವ ಎರಕದ ಕಬ್ಬಿಣದ ಹತ್ತರಿಗಳೆಲ್ಲ ಹೆಚ್ಚುಕಡಿಮೆ ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ, 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡ ಮಾದರಿಯ ಸಂತತಿ. ಅವುಗಳಲ್ಲಿ ಅಲಗನ್ನು ಇಳಿಸಲು ಚಕ್ರವಿದೆ, ಓರೆ ತಿದ್ದಲು ಸನ್ನೆಯಿದೆ. ಆದರೂ ಹೊನ್ನೆ, ಮತ್ತಿಗಳಂತೆ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಮರದ ಮೇಲೆ ಅಗ್ಗದ ಹತ್ತರಿ ನಡುಗುತ್ತದೆ, ಎಳೆಯನ್ನು ಕಿತ್ತುಹಾಕುತ್ತದೆ. ತಳದಲ್ಲಿ ಅಲಗು ಹೊರಬರುವ ಸೀಳೇ ಹತ್ತರಿಯ ಬಾಯಿ; ಆ ಬಾಯಂಚಿನ ಹತ್ತಿರದವರೆಗೂ ಅಲಗಿಗೆ ಗಟ್ಟಿಯಾದ ಹಾಸು ಸಿಗದಿರುವುದು ಇದರ ಮುಖ್ಯ ಕಾರಣ. ಆ ಹಾಸನ್ನು ಸರಿಯಾಗಿ ಮಾಡಬಲ್ಲವನು ಸಾಧಾರಣ ಮರದ ತುಂಡಿನಿಂದಲೂ ಅತ್ಯುತ್ತಮ ಹತ್ತರಿಯನ್ನು ಕಟ್ಟಬಹುದು ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಈ ಬರಹದಲ್ಲಿ ಒಡಲಿನ ಅಂದಚಂದಕ್ಕಿಂತ ಹಾಸು, ಬೆಣೆ, ಬಾಯಿಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಿಂದಿನ ಕಾಲದ ಹತ್ತರಿಗಳನ್ನು ಒಂದೇ ತುಂಡಿನೊಳಗೆ ಉಳಿಯಿಂದ ಕೊರೆದು ಮಾಡುತ್ತಿದ್ದರು. ಅದು ವರ್ಷಗಳ ಪಳಗುವಿಕೆಯನ್ನು ಬೇಡುವ ಕೆಲಸ, ಏಕೆಂದರೆ ಹಾಸು ಆಳವಾದ ಗುಳಿಯೊಳಗೆ ಅಡಗಿರುತ್ತದೆ, ಅಲ್ಲಿಗೆ ಉಳಿ ನೇರವಾಗಿ ತಲುಪುವುದಿಲ್ಲ. ತುಂಡನ್ನು ಉದ್ದಕ್ಕೆ ಸೀಳಿ, ನಡುಭಾಗದಲ್ಲಿ ಹಾಸನ್ನು ಬಯಲಿನಲ್ಲೇ ಕೊಯ್ದು ತಿದ್ದಿ, ಮತ್ತೆ ಅಂಟಿಸುವ ವಿಧಾನವನ್ನು ಜನಪ್ರಿಯಗೊಳಿಸಿದವರು 1981ರಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್‌ನಲ್ಲಿ ಕಾಲೇಜ್ ಆಫ್ ದ ರೆಡ್‌ವುಡ್ಸ್‌ನ ಮರಗೆಲಸ ವಿಭಾಗವನ್ನು ಆರಂಭಿಸಿದ ಜೇಮ್ಸ್ ಕ್ರೆನೋವ್. ಮೊದಲ ಬಾರಿಗೆ ಹತ್ತರಿ ಮಾಡುವವರು ಈ ದಾರಿಯನ್ನೇ ಹಿಡಿಯಬೇಕು.

ಮೊದಲು ಅಲಗನ್ನು ಗೊತ್ತುಮಾಡಿಕೊಳ್ಳಿ, ಮರದ ಅಳತೆ ಅದನ್ನು ಅನುಸರಿಸಬೇಕು. 50 ಮಿ.ಮೀ. ಅಗಲ, 3ರಿಂದ 4 ಮಿ.ಮೀ. ದಪ್ಪದ ಅಲಗು, ಅದರ ಮೇಲೆ ತಿರುಪಿನಿಂದ ಬಿಗಿಯುವ ಮೇಲಲಗು ಇದ್ದರೆ ನುಣುಪು ಹತ್ತರಿಗೆ ಸಾಕು. ಅಲಗನ್ನು ತಾನೇ ಮಾಡಿಕೊಳ್ಳುವ ಹಂಬಲವಿದ್ದವರು ಎಣ್ಣೆಯಲ್ಲಿ ಹದಗೊಳ್ಳುವ ಓ1 ಉಕ್ಕನ್ನು ತರಬೇಕು. ಅದನ್ನು ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಅದಕ್ಕಿಂತ ತುಸು ಮೇಲೆ, ಸುಮಾರು 800 ಡಿಗ್ರಿಗೆ ಒಯ್ದು, ಬೆಚ್ಚಗಿನ ಎಣ್ಣೆಯಲ್ಲಿ ನೆಟ್ಟಗೆ ಅದ್ದಬೇಕು. ತಣಿದ ಕೂಡಲೇ 200 ಡಿಗ್ರಿಯ ಒಲೆಯಲ್ಲಿ ಒಂದೆರಡು ಗಂಟೆ ಇಟ್ಟು ಬಿರುಸನ್ನು ಇಳಿಸಬೇಕು; ಉಜ್ಜಿದ ಮೈ ಆಗ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಈ ಎರಡನೆಯ ಹಂತವನ್ನು ಬಿಟ್ಟ ಅಲಗಿನ ಅಂಚು ಗಾಜಿನಂತೆ ಚೂರಾಗುತ್ತದೆ. ಲಾರಿಯ ಪಟ್ಟಿ ಸ್ಪ್ರಿಂಗಿನ ಉಕ್ಕು ಗಟ್ಟಿಮುಟ್ಟಾದದ್ದೇ, ಆದರೆ ಅದರಲ್ಲಿ ಇಂಗಾಲದ ಪ್ರಮಾಣ ಕಡಿಮೆಯಾದ್ದರಿಂದ ಹರಿತ ಬಹಳ ಹೊತ್ತು ನಿಲ್ಲುವುದಿಲ್ಲ.

ಒಡಲಿಗೆ ಯುರೋಪಿನವರು ಬೀಚ್ ಮರವನ್ನು ಬಳಸುತ್ತಿದ್ದರು. ನಮ್ಮಲ್ಲಿ ಹಳೆಯ ಮನೆಯ ತೊಲೆಯಿಂದ ಬಂದ, ದಶಕಗಳ ಕಾಲ ಒಣಗಿದ ಸಾಗುವಾನಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇಡ, ಏಕೆಂದರೆ ಹವೆ ಬದಲಾದರೂ ಸಾಗುವಾನಿ ಕಡಿಮೆ ಹಿಗ್ಗುತ್ತದೆ, ಕಡಿಮೆ ಕುಗ್ಗುತ್ತದೆ. ಅದು ತಳಕ್ಕೆ ಮಾತ್ರ ಮೆತ್ತಗಾಯಿತು. ಹೀಗಾಗಿ ಸಾಗುವಾನಿಯ ಒಡಲಿಗೆ 8 ಮಿ.ಮೀ. ದಪ್ಪದ ಬೀಟೆ ಅಥವಾ ಕರಿಜಾಲಿಯ ತಳವನ್ನು ಅಂಟಿಸಿಕೊಂಡು ಕೆಲಸ ಶುರುಮಾಡಿ. ಎರಡರಲ್ಲೂ ಎಣ್ಣೆಯಂಶವಿರುವುದರಿಂದ ಸಾಗುವಾನಿ, ಬೀಟೆಗಳ ಮೈಯನ್ನು ಅಂಟು ಹಚ್ಚುವ ಮುನ್ನವೇ ಹೊಸದಾಗಿ ಹೆರೆದಿರಬೇಕು. ನಿನ್ನೆ ಹೆರೆದ ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಒಟ್ಟು ತುಂಡು 250 ಮಿ.ಮೀ. ಉದ್ದ, 80 ಮಿ.ಮೀ. ಅಗಲ, 60 ಮಿ.ಮೀ. ಎತ್ತರ ಇರಲಿ. ಪಕ್ಕದಿಂದ ನೋಡಿದಾಗ ಎಳೆಗಳು ಮುಂತುದಿಯಿಂದ ಹಿಂತುದಿಯ ಕಡೆಗೆ ಕೆಳಗಿಳಿಯುವಂತೆ ತುಂಡನ್ನು ತಿರುಗಿಸಿಕೊಳ್ಳಿ. ಹತ್ತರಿ ಮುಂದಕ್ಕೆ ಸಾಗುವಾಗ ತಳದ ಎಳೆಗಳು ಎದ್ದೇಳದೆ ಸವರಿಕೊಂಡು ಹೋಗುವುದು ಆಗ ಮಾತ್ರ.

ಈಗ ಎರಡೂ ಬದಿಯಿಂದ 10 ಮಿ.ಮೀ. ದಪ್ಪದ ಪಕ್ಕದ ಹಲಗೆಗಳನ್ನು ಗರಗಸದಿಂದ ಸೀಳಿ ತೆಗೆಯಿರಿ. ಯಾವುದು ಎಡ, ಯಾವುದು ಬಲ, ಯಾವುದು ಮುಂದು ಎಂದು ಮೊದಲೇ ಪೆನ್ಸಿಲಿನಿಂದ ಗುರುತು ಹಾಕಿರಬೇಕು. ಸೀಳಿದ ಮೈಗಳನ್ನು ಹೆರೆದು ಸಪಾಟುಗೊಳಿಸಿದ ಮೇಲೆ ನಡುಭಾಗ 52 ಮಿ.ಮೀ. ಉಳಿದರೆ ಅಲಗಿನ ಎರಡೂ ಬದಿಗೆ ಒಂದೊಂದು ಮಿಲಿಮೀಟರ್ ಸರಿದಾಡುವ ಜಾಗ ಸಿಗುತ್ತದೆ, ಓರೆಯನ್ನು ತಿದ್ದಲು ಅಷ್ಟು ಬೇಕೇ ಬೇಕು. ಮುಂತುದಿಯಿಂದ 95 ಮಿ.ಮೀ. ದೂರದಲ್ಲಿ ತಳದ ಮೇಲೆ ಬಾಯಿಯ ಗೆರೆಯನ್ನು ಎಳೆದು, ಅಲ್ಲಿಂದ ಹಿಂದಕ್ಕೆ ವಾಲುವಂತೆ ಹಾಸನ್ನು ಕೊಯ್ಯಿರಿ. ಮೆತ್ತನೆಯ, ನೇರ ಎಳೆಯ ಮರಕ್ಕೆ 45 ಡಿಗ್ರಿ ಸಾಕು. ನಮ್ಮ ಗಟ್ಟಿ ಮರಗಳಿಗೆ 50 ಡಿಗ್ರಿ ಉತ್ತಮ, ತಳ್ಳಲು ತುಸು ಹೆಚ್ಚು ಬಲ ಬೇಕಾದರೂ ಎಳೆ ಕೀಳುವುದು ಕಡಿಮೆಯಾಗುತ್ತದೆ. ಮುಂದಿನ ತುಂಡಿನ ಇಳಿಜಾರನ್ನು ಸುಮಾರು 60 ಡಿಗ್ರಿಯಲ್ಲಿ, ಮುಂದಕ್ಕೆ ವಾಲುವಂತೆ ಕೊಯ್ದರೆ ಹೆರೆದ ಸುರುಳಿ ಮೇಲೇರಿ ಹೊರಬೀಳಲು ದಾರಿಯಾಗುತ್ತದೆ.

ಇನ್ನು ಹಾಸು. ಗರಗಸ ಬಿಟ್ಟ ಗೀರುಗಳನ್ನು ಉಳಿ ಮತ್ತು ಚಿಕ್ಕ ಹತ್ತರಿಯಿಂದ ತೆಗೆದು, ಮೂಲೆಮಟ್ಟವಿಟ್ಟು ಅದು ಪಕ್ಕಗಳಿಗೆ ಲಂಬವಾಗಿದೆಯೇ ಎಂದು ನೋಡಿ. ಮೇಲಲಗಿನ ತಿರುಪಿನ ತಲೆ ಕೂರಲು ಹಾಸಿನ ನಡುವೆ 18 ಮಿ.ಮೀ. ಅಗಲದ ಗಾಡಿಯನ್ನು, ಎಂದರೆ ಉದ್ದನೆಯ ತೋಡನ್ನು, ಕೊರೆಯಬೇಕು, ಆದರೆ ಆ ಗಾಡಿ ಬಾಯಿಗಿಂತ ಕನಿಷ್ಠ 25 ಮಿ.ಮೀ. ಮೇಲೆಯೇ ನಿಲ್ಲಬೇಕು, ಏಕೆಂದರೆ ಅಲಗಿಗೆ ಆಧಾರ ಅತ್ಯಂತ ಅಗತ್ಯವಾಗಿರುವುದು ಆ ಕೆಳಗಿನ ಪಟ್ಟಿಯಲ್ಲಿ. ಸಪಾಟು ಆಯಿತೆಂದು ಕಣ್ಣಿಗೆ ಕಂಡ ಮೇಲೂ ನಂಬಬೇಡಿ. ಅಲಗಿನ ಬೆನ್ನಿಗೆ ಮನೆಯಲ್ಲಿರುವ ಕಾಡಿಗೆಯನ್ನು ತೆಳ್ಳಗೆ ಸವರಿ, ಹಾಸಿನ ಮೇಲಿಟ್ಟು ಒತ್ತಿ ತೆಗೆಯಿರಿ. ಎಲ್ಲಿ ಕಪ್ಪಾಯಿತೋ ಅಲ್ಲಿ ಉಬ್ಬಿದೆ. ಆ ಕಪ್ಪನ್ನಷ್ಟೇ ಉಳಿಯ ಅಂಚಿನಿಂದ ಕೆರೆದು, ಮತ್ತೆ ಸವರಿ, ಮತ್ತೆ ಒತ್ತಿ ನೋಡಬೇಕು. ಬಾಯಿಯ ಉದ್ದಕ್ಕೂ ಬಿಡುವಿಲ್ಲದ ಕಪ್ಪು ಪಟ್ಟಿ, ಮೇಲ್ತುದಿಯಲ್ಲಿ ಎರಡು ಕಡೆ ಕಪ್ಪು ಗುರುತು ಬೀಳುವವರೆಗೆ ಈ ಕೆಲಸ ನಡೆಯಬೇಕು. ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ತೊಂದರೆಯಿಲ್ಲ, ಉಬ್ಬಿದ್ದರೆ ಮಾತ್ರ ಅಲಗು ತಕ್ಕಡಿಯ ದಂಡಿಗೆಯಂತೆ ತೂಗಾಡಿ ಮರದ ಮೇಲೆ ಅಲೆಅಲೆಯಾದ ಗುರುತು ಬಿಡುತ್ತದೆ. ನನಗೆ ಮೊದಲ ಹತ್ತರಿಯಲ್ಲಿ ಇದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಆ ಮಧ್ಯಾಹ್ನವನ್ನು ಉಳಿಸಲು ಹೋದವರು ಮುಂದೆ ಹತ್ತರಿ ಬಳಸಿದಾಗಲೆಲ್ಲ ಅದರ ಬೆಲೆ ತೆರುತ್ತಾರೆ.

ಅಲಗನ್ನು ಹಾಸಿಗೆ ಒತ್ತಿ ಹಿಡಿಯುವ ಬೆಣೆಗೆ ಎದುರೊತ್ತು ಕೊಡುವುದು ಒಂದು ಅಡ್ಡಗೂಟ. 12 ಮಿ.ಮೀ. ಚೌಕದ ಗಟ್ಟಿ ಮರದ ತುಂಡಿನ ಎರಡೂ ತುದಿಗಳನ್ನು 10 ಮಿ.ಮೀ. ದುಂಡಗೆ ಕಡೆದು, ಪಕ್ಕದ ಹಲಗೆಗಳೆರಡನ್ನೂ ಜೋಡಿಸಿ ಹಿಡಿದು ಒಟ್ಟಿಗೇ ಕೊರೆದ ತೂತುಗಳಲ್ಲಿ ಕೂರಿಸಬೇಕು. ತುದಿ ದುಂಡಗಿರುವುದರಿಂದ ಗೂಟ ತುಸು ತಿರುಗಿ, ತನ್ನ ಚಪ್ಪಟೆ ಮೈಯನ್ನು ಬೆಣೆಗೆ ತಾನೇ ಹೊಂದಿಸಿಕೊಳ್ಳುತ್ತದೆ. ಗೂಟದ ನಡುಬಿಂದು ತಳದಿಂದ 35 ಮಿ.ಮೀ. ಎತ್ತರದಲ್ಲಿರಲಿ, ಮೇಲಲಗಿನ ಮೈಯಿಂದ ಅದರ ಚಪ್ಪಟೆ ಮುಖಕ್ಕೆ 8 ಮಿ.ಮೀ. ಅಂತರವಿರಲಿ. ಇನ್ನೂ ಮೇಲಿಟ್ಟರೆ ಬೆಣೆಯ ಒತ್ತಡ ಬಾಯಂಚನ್ನು ತಲುಪುವುದಿಲ್ಲ, ಇನ್ನೂ ಕೆಳಗಿಟ್ಟರೆ ಸುರುಳಿ ಸಿಕ್ಕಿಕೊಳ್ಳುತ್ತದೆ.

ಅಂಟಿಸುವ ಮುನ್ನ ಎಲ್ಲವನ್ನೂ ಒಣದಾಗಿ ಜೋಡಿಸಿ ನೋಡಿ. ಅಲಗನ್ನು ಹಾಸಿನ ಮೇಲಿಟ್ಟು, ಮುಂದಿನ ತುಂಡನ್ನು ಅದರ ಅಂಚಿಗೆ ತಾಗುವವರೆಗೆ ಸರಿಸಿ, ಅಲಗು ಹೊರಬರಲಾರದಷ್ಟು ಬಾಯಿಯನ್ನು ಬಿಗಿಯಾಗಿಯೇ ಬಿಡಬೇಕು, ಏಕೆಂದರೆ ಮುಂದೆ ತಳವನ್ನು ಹೆರೆದಷ್ಟೂ ಬಾಯಿ ತಾನಾಗಿ ಅಗಲವಾಗುತ್ತದೆ. ಈ ಸ್ಥಾನ ಕದಲದಂತೆ ನಾಲ್ಕು ಮೂಲೆಗಳಲ್ಲಿ, ಮುಂದೆ ಕತ್ತರಿಸಿ ಹೋಗುವ ಭಾಗದಲ್ಲಿ, ಸಣ್ಣ ಮರದ ಮೊಳೆಗಳನ್ನು ಹೊಡೆದುಕೊಳ್ಳಿ. ಆಮೇಲೆ ಫೆವಿಕಾಲ್ ಹಚ್ಚಿ, ಗೂಟವನ್ನು ಅಂಟು ತಾಗದಂತೆ ಒಳಗಿಟ್ಟು, ಕೈಗೆ ಸಿಕ್ಕಷ್ಟೂ ಕ್ಲ್ಯಾಂಪುಗಳನ್ನು ಬಿಗಿದು ಒಂದು ದಿನ ಬಿಡಿ. ಮಳೆಗಾಲದ ನಡುವೆ ಈ ಕೆಲಸ ಬೇಡ.

ಬೆಣೆಯನ್ನು ಸುಮಾರು 10 ಡಿಗ್ರಿ ಇಳಿಜಾರಿಗೆ ಹೆರೆದು, ಕೆಳತುದಿಯನ್ನು ತೆಳ್ಳಗಾಗಿಸಿ. ಗೂಟದ ಎಡಕ್ಕೂ ಬಲಕ್ಕೂ ಒಂದೊಂದು ಕಾಗದದ ಚೂರನ್ನು ಸಿಕ್ಕಿಸಿ ಬೆಣೆಯನ್ನು ಬೆರಳಿನಿಂದ ಒತ್ತಿದಾಗ ಎರಡೂ ಚೂರುಗಳು ಸಮನಾಗಿ ಬಿಗಿಯಬೇಕು. ಬಿಗಿಯದ ಕಡೆ ಬೆಣೆ ತೆಳ್ಳಗಿದೆ ಎಂದರ್ಥ, ಇನ್ನೊಂದು ಬದಿಯನ್ನು ಹೆರೆಯಿರಿ.

ತಳವನ್ನು ಸಪಾಟುಗೊಳಿಸುವಾಗ ಅಲಗನ್ನು ಒಳಗೆ ಎಳೆದಿಟ್ಟು, ಬೆಣೆಯನ್ನು ಬಳಕೆಯ ಬಿಗಿಗೇ ಹೊಡೆದಿರಬೇಕು. ಬೆಣೆಯ ಒತ್ತಡ ಒಡಲನ್ನು ತುಸು ಬಾಗಿಸುತ್ತದೆ, ಸಡಿಲವಾಗಿದ್ದಾಗ ಸಪಾಟಾದ ತಳ ಬಿಗಿದಾಗ ಸಪಾಟಾಗಿರುವುದಿಲ್ಲ. ದಪ್ಪ ಗಾಜು ಅಥವಾ ಗ್ರಾನೈಟ್ ತುಂಡಿನ ಮೇಲೆ 120, ಆಮೇಲೆ 220ರ ಉಜ್ಜುಕಾಗದ ಹಾಸಿ, ತಳದ ತುಂಬ ಪೆನ್ಸಿಲ್ ಗೀಚಿ, ಗೀಚು ಮಾಯವಾಗುವವರೆಗೆ ಉಜ್ಜಿ. ಮುಂತುದಿ, ಬಾಯಿಯ ಮುಂದಿನ ಅಂಚು, ಹಿಂತುದಿ ಈ ಮೂರು ಒಂದೇ ಮಟ್ಟದಲ್ಲಿದ್ದರೆ ಉಳಿದ ಕಡೆ ಸಣ್ಣ ತಗ್ಗು ಬಾಧಿಸದು. ಆಮೇಲೆ ತೆಳ್ಳನೆಯ ಅರದಿಂದ ಬಾಯಿಯನ್ನು, ಅಲಗು ಹೊರಬಂದಾಗ ಮುಂದೆ 0.3 ಮಿ.ಮೀ. ಬಿಡುವು ಉಳಿಯುವಷ್ಟು ಮಾತ್ರ ತೆರೆಯಿರಿ. ಮೇಲಲಗನ್ನು ಅಂಚಿನಿಂದ 0.2 ಮಿ.ಮೀ. ಹಿಂದೆ ಕೂರಿಸಿದರೆ ಅದು ಸುರುಳಿಯನ್ನು ಹುಟ್ಟುವಾಗಲೇ ಮುರಿದು, ಎದುರೆಳೆಯಲ್ಲೂ ಮರ ಕೀಳದಂತೆ ತಡೆಯುತ್ತದೆ. ಅಲಗಿನ ಹಿಂತುದಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಆಳ ಹೆಚ್ಚುತ್ತದೆ, ಒಡಲಿನ ಹಿಂತುದಿಗೆ ತಟ್ಟಿದರೆ ಅಲಗು ಹಿಂದೆ ಸರಿಯುತ್ತದೆ. ಪ್ರತಿ ಸಲವೂ ಬೆಣೆಯನ್ನು ಮತ್ತೊಮ್ಮೆ ಮೆಲ್ಲಗೆ ಬಿಗಿಯಬೇಕು.

ಕೈ ಪಳಗಿದ ಮೇಲೆ ಲೋಹದ ಒಡಲಿನ ಹತ್ತರಿಗೆ ಮನಸ್ಸು ಮಾಡಬಹುದು. ಸ್ಕಾಟ್ಲೆಂಡಿನ ಏರ್ ಪಟ್ಟಣದ ಸ್ಟೀವರ್ಟ್ ಸ್ಪಿಯರ್ಸ್ ಮತ್ತು ಲಂಡನ್ನಿನ ಥಾಮಸ್ ನಾರಿಸ್ ಅವರ ಹತ್ತರಿಗಳಲ್ಲಿ ಉಕ್ಕಿನ ತಳಕ್ಕೂ ಪಕ್ಕಗಳಿಗೂ ಪಾರಿವಾಳದ ಬಾಲದ ಆಕಾರದ ಹಲ್ಲುಗಳನ್ನು ಕೊಯ್ದು ಜೋಡಿಸಿ, ಒಳಗೆ ಗಟ್ಟಿ ಮರವನ್ನು ತುಂಬುತ್ತಿದ್ದರು. ಮರದಲ್ಲಿ ಒಂದೇ ದಿಕ್ಕಿಗೆ ಸಾಧ್ಯವಾಗುವ ಈ ಬಾಲದ ಬೆಸುಗೆ ಲೋಹದಲ್ಲಿ ಎರಡು ದಿಕ್ಕಿಗೂ ಸಾಧ್ಯ: ಹಲ್ಲುಗಳನ್ನು ಒಂದು ಮಿಲಿಮೀಟರ್ ಹೊರಚಾಚುವಂತೆ ಬಿಟ್ಟು, ಸುತ್ತಲಿನ ಅಂಚುಗಳನ್ನು ಅರದಿಂದ ಓರೆ ಮಾಡಿ, ಗುಂಡುತಲೆಯ ಸುತ್ತಿಗೆಯಿಂದ ಬಡಿದಾಗ ಲೋಹ ಹರಿದು ಆ ಓರೆಯನ್ನು ತುಂಬುತ್ತದೆ, ಮತ್ತೆಂದೂ ಕಳಚುವುದಿಲ್ಲ. ಉಕ್ಕಿನ ತಳ, ಹಿತ್ತಾಳೆಯ ಪಕ್ಕ ಬಳಸಿದರೆ ಬೆಸುಗೆಯ ಗೆರೆ ಹಳದಿ ಬಿಳುಪಾಗಿ ಕಾಣುವುದು ಬಹಳ ಸೊಗಸು. ಇಂಥ ಹತ್ತರಿಯ ತೂಕವೇ ಅದರ ಬಲ, ತಳವೂ ಬೇಗ ಸವೆಯುವುದಿಲ್ಲ. ಆದರೆ ಇಲ್ಲಿಯೂ ಅಲಗು ಕೂರುವುದು ಒಳಗೆ ತುಂಬಿದ ಮರದ ಮೇಲೆ ಮತ್ತು ತಳದ ಓರೆ ಅಂಚಿನ ಮೇಲೆ. ಇವೆರಡನ್ನೂ ಒಂದೇ ಅರದಿಂದ ಒಂದೇ ಮಟ್ಟಕ್ಕೆ ತಂದು, ಅದೇ ಕಾಡಿಗೆಯ ಪರೀಕ್ಷೆಗೆ ಒಡ್ಡಬೇಕು. ಮೊದಲೇ ಮರದ ಹತ್ತರಿ ಕಟ್ಟಿ ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಮರದ ಹತ್ತರಿಯ ಹೊರಮೈಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಹಾಸಿಗೂ ಬೆಣೆಗೂ ಮಾತ್ರ ಸವರಬೇಡಿ, ಅಲ್ಲಿ ಜಾರಿಕೆ ಬೇಡ. ಕೆಲಸ ಮುಗಿದ ಮೇಲೆ ಬೆಣೆಯನ್ನು ಅರ್ಧ ಸಡಿಲಿಸಿಡಿ. ಮುಂಗಾರು ಶುರುವಾಗಿ ಎರಡು ವಾರವಾದ ಮೇಲೆ ಒಮ್ಮೆ, ಚಳಿಗಾಲ ಒಣಗಿದ ಮೇಲೆ ಇನ್ನೊಮ್ಮೆ, ಗಾಜಿನ ಮೇಲೆ ಪೆನ್ಸಿಲ್ ಗೀಚಿನ ಪರೀಕ್ಷೆ ಮಾಡಿ ನಾಲ್ಕಾರು ಬಾರಿ ಉಜ್ಜಿದರೆ ತಳ ಮತ್ತೆ ಸರಿಹೋಗುತ್ತದೆ. ಹೊಸ ಹತ್ತರಿಗೆ ಮೊದಲ ವರ್ಷ ಇದು ಹೆಚ್ಚು ಬೇಕಾಗುತ್ತದೆ, ಎರಡನೆಯ ವರ್ಷದಿಂದ ಕಡಿಮೆಯಾಗುತ್ತದೆ.