ಟ್ರ್ಯಾಕಿಗೆ ಹೋಗುವ ಸ್ವಿಫ್ಟ್‌ಗೆ ನಾನೇ ಮಾಡಿಕೊಂಡ ಅಲೈನ್‌ಮೆಂಟ್

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಮೊದಲ ಸಲ ನನ್ನ ಸ್ವಿಫ್ಟ್ ಓಡಿಸಿ ಬಂದಾಗ ಎಡಗಡೆ ಮುಂದಿನ ಟಯರಿನ ಹೊರ ಅಂಚು ಪೂರ್ತಿ ಸವೆದುಹೋಗಿತ್ತು. ಒಳಗಿನ ಅರ್ಧ ಮಾತ್ರ ಹೊಸದರ ಹಾಗೇ ಇತ್ತು. ಅಲ್ಲಿ ಗಡಿಯಾರದ ದಿಕ್ಕಿನಲ್ಲಿ ಓಡಿಸುವುದರಿಂದ ಬಲ ತಿರುವುಗಳೇ ಜಾಸ್ತಿ, ಭಾರವೆಲ್ಲ ಎಡ ಮುಂದಿನ ಚಕ್ರಕ್ಕೆ ಬೀಳುತ್ತದೆ. ಅದು ಸರಿ. ಆದರೆ ಒಂದೇ ಅಂಚು ಸವೆಯಲು ಕಾರಣ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನೋದು. ತಿರುವಿನಲ್ಲಿ ಗಾಡಿ ವಾಲಿದರೆ ಅದರ ಜೊತೆ ಚಕ್ರವೂ ಹೊರಕ್ಕೆ ವಾಲುತ್ತದೆ, ಆಗ ಟಯರ್ ಬರೀ ಅಂಚಿನ ಮೇಲೆ ನಿಲ್ಲುತ್ತದೆ. ಹಾಗಾಗಬಾರದು ಅಂದರೆ ಗಾಡಿ ಸುಮ್ನೆ ನಿಂತಿರುವಾಗಲೇ ಚಕ್ರದ ಮೇಲ್ಭಾಗ ಸ್ವಲ್ಪ ಒಳಗೆ ವಾಲಿರಬೇಕು. ಇದೇ ನೆಗೆಟಿವ್ ಕ್ಯಾಂಬರ್.

ಅಲೈನ್‌ಮೆಂಟ್ ಅಂಗಡಿಯಲ್ಲಿ ಕೇಳಿದೆ. "ಇದರಲ್ಲಿ ಕ್ಯಾಂಬರ್ ಅಡ್ಜಸ್ಟ್ ಆಗಲ್ಲ ಸಾರ್, ನೋಡಿ, ಎಲ್ಲಾ ಹಸಿರೇ ತೋರಿಸ್ತಿದೆ" ಅಂದರು. ಅವರು ಹೇಳಿದ್ದು ನಿಜ. ಹಸಿರು ಅಂದರೆ ಅಳತೆ ಮಿತಿಯೊಳಗಿದೆ ಅಂತ, ಆದರೆ ಆ ಮಿತಿ ರಸ್ತೆಗೆ ಮಾಡಿದ್ದು, ಟ್ರ್ಯಾಕಿಗಲ್ಲ. ಸ್ವಿಫ್ಟ್‌ನ ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಚಕ್ರವನ್ನು ಹಿಡಿದಿರುವ ನಕಲ್ ಅನ್ನೋ ಭಾಗಕ್ಕೆ ಎರಡು ಬೋಲ್ಟುಗಳಲ್ಲಿ ಕೂತಿರುತ್ತದೆ. ಮೇಲಿನ ಬೋಲ್ಟ್ ತೆಗೆದು ಅಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿದೆ. ಅದನ್ನು ತಿರುಗಿಸಿದಷ್ಟೂ ಚಕ್ರ ವಾಲುತ್ತದೆ.

ಅಳೆದಿದ್ದು ಮನೆಯಲ್ಲೇ. ನೆಲ ಮಟ್ಟವಾಗಿರಬೇಕು, ಅದೇ ಮುಖ್ಯ. ಮುಂದಿನ ಎರಡೂ ಚಕ್ರದ ಕೆಳಗೆ ಎರಡೆರಡು ಟೈಲ್ಸ್ ಇಟ್ಟು ನಡುವೆ ಗ್ರೀಸ್ ಸವರಿದೆ, ಇಲ್ಲದಿದ್ದರೆ ಟಯರ್ ನೆಲಕ್ಕೆ ಕಚ್ಚಿಕೊಂಡು ಅಳತೆ ಸುಳ್ಳು ಹೇಳುತ್ತದೆ. ಡ್ರೈವರ್ ಸೀಟಿಗೆ 25 ಕೆ.ಜಿ.ಯ ಮೂರು ಅಕ್ಕಿ ಮೂಟೆ ಹಾಕಿದೆ, ನನ್ನ ತೂಕ ಹೆಚ್ಚುಕಡಿಮೆ ಅಷ್ಟೇ. ಕ್ಯಾಂಬರ್‌ಗೆ ತೂಕದ ಗುಂಡು ಕಟ್ಟಿದ ದಾರ ಸಾಕು. ದಾರದಿಂದ 15 ಇಂಚಿನ ರಿಮ್‌ನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಇರುವ ದೂರದಲ್ಲಿ ಸುಮಾರು 7 ಮಿ.ಮೀ. ವ್ಯತ್ಯಾಸ ಬಂದರೆ ಒಂದು ಡಿಗ್ರಿ. ನಾನು ಎರಡೂ ಕಡೆ ಒಂದೂವರೆ ಡಿಗ್ರಿಗೆ ನಿಲ್ಲಿಸಿದೆ.

ಕ್ಯಾಂಬರ್ ಮುಗಿಯುವ ತನಕ ಟೋ ಮುಟ್ಟಬೇಡಿ. ಟೋ ಅಂದರೆ ಮೇಲಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ, ಮಾಡಿದ ಕೆಲಸವೆಲ್ಲ ಹಾಳು. ಟೋ ನೋಡಲು ಗಾಡಿಯ ಎರಡೂ ಪಕ್ಕ ಮೀನು ಹಿಡಿಯುವ ದಾರವನ್ನು ಹಬ್ (ಚಕ್ರದ ನಡುಭಾಗ) ಎತ್ತರಕ್ಕೆ ಬಿಗಿಯಾಗಿ ಎಳೆದು ಕಟ್ಟಿದೆ. ಮುಂದಿನ ಹಬ್‌ಗಳ ನಡುವಿನ ಅಗಲವೂ ಹಿಂದಿನದೂ ಒಂದೇ ಇರಲ್ಲ, ಹಾಗಾಗಿ ದಾರವನ್ನು ಗಾಡಿಯ ನಡುಗೆರೆಗೆ ಸಮಾನಾಂತರವಾಗಿ ಹೊಂದಿಸಲಿಕ್ಕೇ ನನಗೆ ಅರ್ಧ ದಿನ ಹಿಡಿಯಿತು. ಆಮೇಲೆ ಸ್ಟೀಲ್ ಸ್ಕೇಲಿನಿಂದ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ಅಳೆದು, ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತಾ ಸೊನ್ನೆಗೆ ತಂದೆ. ಟೋ ಔಟ್ (ಮುಂಭಾಗ ಹೊರಕ್ಕೆ) ಇಟ್ಟರೆ ಗಾಡಿ ತಿರುವಿಗೆ ಇನ್ನೂ ಚುರುಕಾಗಿ ನುಗ್ಗುತ್ತದೆ ನಿಜ, ಆದರೆ ಅದೇ ಟಯರಲ್ಲಿ ಬೆಂಗಳೂರಿಗೆ ವಾಪಸ್ ಬರಬೇಕಲ್ವಾ? ಹೈವೇಯಲ್ಲಿ ಒಳ ಅಂಚು ತಿಂದು ಹಾಕುತ್ತದೆ. ಹಿಂದೆ ಇರುವುದು ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರ ಸೇರಿಸುವ ಒಂದೇ ತೊಲೆ), ಅದನ್ನು ಹಾಗೇ ಬಿಟ್ಟೆ.

ಟಯರ್ ಗಾಳಿಯ ವಿಷಯದಲ್ಲಿ ನಾನು ಕಲಿತದ್ದು ಇನ್ನೂ ಜಾಸ್ತಿ. ಮೊದಲ ಸಲ ರಸ್ತೆಗೆ ಹಾಕುವ 33 ಪಿಎಸ್‌ಐಯಲ್ಲೇ ಇಳಿದಿದ್ದೆ. ನಾಲ್ಕು ಲ್ಯಾಪ್ ಮುಗಿಸಿ ಬಂದು ನೋಡಿದರೆ 40 ದಾಟಿತ್ತು, ಗಾಡಿ ಜಾರುತ್ತಿತ್ತು. ಈಗ ಬೆಳಿಗ್ಗೆ ತಣ್ಣಗಿರುವಾಗ 28 ಹಾಕುತ್ತೇನೆ. ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಬಂದ ತಕ್ಷಣ, ಹೆಲ್ಮೆಟ್ ತೆಗೆಯುವ ಮೊದಲೇ, ಗೇಜ್ ಹಿಡಿದು ಮುಂದಿನವು 35ಕ್ಕಿಂತ ಮೇಲಿದ್ದರೆ ಇಳಿಸುತ್ತೇನೆ. ಮಧ್ಯಾಹ್ನ ಟ್ರ್ಯಾಕ್ ಕಾದಾಗ ಮತ್ತೆ ಇಳಿಸಬೇಕಾಗುತ್ತದೆ. ಮನೆಗೆ ಹೊರಡುವ ಮುಂಚೆ ತಪ್ಪದೆ ವಾಪಸ್ 33ಕ್ಕೆ ತುಂಬಿ, ಕಡಿಮೆ ಗಾಳಿಯಲ್ಲಿ ಹೈವೇ ಓಡಿಸುವುದು ಅಪಾಯ.

ಎರಡನೇ ಸಲ ಹೋದಾಗ ಒಂದು ಕರ್ಬ್ (ಟ್ರ್ಯಾಕಿನ ಅಂಚಿನ ಎತ್ತರದ ಕಟ್ಟೆ) ಜೋರಾಗಿ ಹತ್ತಿಸಿದೆ. ಅಲ್ಲಿಂದ ನೇರ ಹೋಗುವಾಗ ಸ್ಟೀರಿಂಗ್ ಓರೆ. ಎಡಗಡೆ ಕ್ಯಾಂಬರ್ ಬೋಲ್ಟ್ ಜಾರಿತ್ತು. ಈ ಬೋಲ್ಟುಗಳ ನಡು ಸಣ್ಣ, ಆದ್ದರಿಂದ ಟಾರ್ಕ್ ರೆಂಚ್ (ಎಷ್ಟು ಬಿಗಿಯಿತು ಎಂದು ಅಳೆಯುವ ಸ್ಪ್ಯಾನರ್) ಇಲ್ಲದೆ ಬಿಗಿಯಲೇಬಾರದು. ಅವತ್ತಿನಿಂದ ಬೋಲ್ಟಿನ ತಲೆಯಿಂದ ಸ್ಟ್ರಟ್ ಮೇಲೆ ಹಾದುಹೋಗುವ ಹಾಗೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ. ಪ್ರತಿ ಸೆಷನ್ ಆದಮೇಲೆ ಟಾರ್ಚ್ ಹಾಕಿ ಆ ಗೆರೆ ನೋಡುತ್ತೇನೆ. ಕಳೆದ ಸಲ ಆರು ಸೆಷನ್ ಆದರೂ ಗೆರೆ ಕದಲಿರಲಿಲ್ಲ, ಎಡ ಮುಂದಿನ ಟಯರ್ ಮೇಲೆ ಕೈಯಾಡಿಸಿದರೆ ಒಳಗಿಂದ ಹೊರಗಿನವರೆಗೂ ಒಂದೇ ಸಮ ಸವೆದಿತ್ತು.