ಬಿ.ಬಿ. ಕಿಂಗ್ ನುಡಿಸದೇ ಬಿಟ್ಟ ಜಾಗ

ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ, ಅದರ ಗಿಟಾರ್ ಕಲಿಯೋಕೆ ಹೊರಟವರಲ್ಲಿ ಜಾಸ್ತಿ ಜನ ಸ್ಕೇಲ್ (ಸ್ವರಶ್ರೇಣಿ) ಪುಸ್ತಕ ಹಿಡಿದು ಕೂರುತ್ತಾರೆ. ನಾನು ಒಂದೇ ಒಂದು ಆಲ್ಬಮ್ ಹಿಡಿದು ಕೂತೆ. ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರ 'ಲೈವ್ ಅಟ್ ದ ರೀಗಲ್'. 1964ರ ನವೆಂಬರ್ 21ರಂದು ಶಿಕಾಗೋದ ಸೌತ್ ಸೈಡ್‌ನಲ್ಲಿದ್ದ ರೀಗಲ್ ಥಿಯೇಟರಿನಲ್ಲಿ ರೆಕಾರ್ಡ್ ಆಗಿದ್ದು, ಒಟ್ಟು 35 ನಿಮಿಷದ ಆಸುಪಾಸು. ಆ ಥಿಯೇಟರನ್ನು 1973ರಲ್ಲಿ ಕೆಡವಿಬಿಟ್ಟರು.

ಮೊದಲು ಗಿಟಾರ್ ಮುಟ್ಟಲೇ ಇಲ್ಲ. ಗಿಟಾರಿನ ಒಂದೊಂದು ತುಣುಕನ್ನೂ ಬಾಯಲ್ಲಿ ಹಾಡಿಕೊಳ್ಳುತ್ತಿದ್ದೆ, ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿಕೊಂಡಾಗಲೂ ಅದೇ, ಪಕ್ಕದವರು ನೋಡಿದರೆ ನೋಡಲಿ ಅಂತ. ಹಾಗೆ ಹಾಡಿದಾಗಲೇ ಗೊತ್ತಾಗೋದು, ಹಾಡುವವನಿಗೆ ಉಸಿರು ಬೇಕಾಗುವ ಕಡೆಯಲ್ಲೆಲ್ಲ ಈ ಮನುಷ್ಯನ ಗಿಟಾರೂ ನಿಲ್ಲುತ್ತದೆ. ಕಿಂಗ್ ಹಾಡುವಾಗ ನುಡಿಸುತ್ತಿರಲಿಲ್ಲ. ಎರಡೂ ಒಟ್ಟಿಗೆ ತನಗೆ ಬರಲ್ಲ ಎಂದು ಅವರೇ ಹೇಳುತ್ತಿದ್ದರು. ಹನ್ನೆರಡು ಬಾರಿನ (ಬಾರ್ ಅಂದರೆ ತಾಳದ ಒಂದು ಸುತ್ತು) ಸ್ಲೋ ಬ್ಲೂಸ್‌ನಲ್ಲಿ ಒಂದು ಸಾಲಿಗೆ ನಾಲ್ಕು ಬಾರ್. ಸುಮಾರು ಎರಡರಲ್ಲಿ ಮಾತು, ಉಳಿದೆರಡರಲ್ಲಿ ಗಿಟಾರಿನ ಉತ್ತರ. ಕಛೇರಿಯಲ್ಲಿ ಗಾಯಕರು ಬಿಟ್ಟ ಕಡೆ ಪಿಟೀಲು ಎತ್ತಿಕೊಳ್ಳುತ್ತದಲ್ಲ, ಹಾಗೇ. ಇಲ್ಲಿ ಇಬ್ಬರೂ ಒಬ್ಬರೇ, ಅಷ್ಟೇ.

ಆಮೇಲೆ ಬೆರಳಿನ ಕೆಲಸ. 'ಎ' ಕೀ (ಶ್ರುತಿ) ಆದರೆ ಎರಡನೇ ತಂತಿಯ 10ನೇ ಫ್ರೆಟ್ಟೇ (ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲು) ಮನೆ, ತೋರುಬೆರಳು ಅಲ್ಲಿರುತ್ತದೆ. ಅದೇ ತಂತಿಯ 12ನೇ ಫ್ರೆಟ್ಟನ್ನು ಉಂಗುರ ಬೆರಳಲ್ಲಿ ಅರ್ಧ ಸ್ವರ ಎಳೆದರೆ ಮೈನರ್ ಥರ್ಡ್ (ನಮ್ಮ ಸಾಧಾರಣ ಗಾಂಧಾರ), ಪೂರ್ತಿ ಎಳೆದರೆ ಮೇಜರ್ ಥರ್ಡ್ (ಅಂತರ ಗಾಂಧಾರ). ಬ್ಲೂಸ್ ಇರೋದು ಅವೆರಡರ ನಡುವಿನ ಸಂದಿಯಲ್ಲಿ. ಮೂರನೇ ತಂತಿಯ 11ನೇ ಫ್ರೆಟ್ಟನ್ನೂ ಸೇರಿಸಿಕೊಳ್ಳಿ, ಕಿಂಗ್ ನುಡಿಸುವ ಆ ಸಿಹಿ ಅಲ್ಲಿಂದಲೇ ಬರುತ್ತದೆ. ಗಿಟಾರಿನ ಕತ್ತಿನುದ್ದ ಓಡಾಡುವ ಅಗತ್ಯವೇ ಇಲ್ಲ.

ವೈಬ್ರಾಟೋಗೆ, ಅಂದರೆ ಹಿಡಿದ ಸ್ವರವನ್ನು ನಡುಗಿಸೋದಕ್ಕೆ, ಒಂದು ಹಿನ್ನೆಲೆ ಇದೆ. ಕಿಂಗ್ ತಾಯಿಯ ಕಸಿನ್ ಬುಕ್ಕಾ ವೈಟ್ ಸ್ಲೈಡ್ ಗಿಟಾರಿನವರು, ತಂತಿಯ ಮೇಲೆ ಕೊಳವೆಯಂಥದ್ದನ್ನು ಜಾರಿಸಿ ನುಡಿಸುವವರು. ಆ ನಾದ ಬೇಕು, ಆದರೆ ಕಿಂಗ್‌ಗೆ ಸ್ಲೈಡ್ ಒಗ್ಗಲಿಲ್ಲ, ಹಾಗಾಗಿ ಬೆರಳನ್ನೇ ಅಲ್ಲಾಡಿಸಿದರು. ನಾನು ಮಾಡಿದ್ದು ಇಷ್ಟು: ತೋರುಬೆರಳಿನ ತುದಿ ಮಾತ್ರ ತಂತಿ ಮೇಲೆ, ಹೆಬ್ಬೆರಳು ಗಿಟಾರಿನ ಕತ್ತಿನಿಂದ ಆಚೆ, ಉಳಿದ ಬೆರಳು ಬಿಡಿಸಿಟ್ಟು ಮುಂಗೈಯನ್ನೇ ತಿರುಗಿಸೋದು. ಬೆರಳು ಮಡಿಸಿ ಎಳೆಯಬಾರದು. ತಾಳ ತೋರಿಸುವ ಮೆಟ್ರೋನೋಮ್ ಹಾಕಿ ಬೀಟಿಗೆ ಎರಡು ಸಲ ಅಲುಗಿಸೋದು, ಅದು ಸಮ ಬಂದ ಮೇಲೆ ಮೂರು. ಬೋರು ಹೊಡೆಯುತ್ತೆ, ನಿಜ. ಮನೆಯವರಿಗಂತೂ ಇನ್ನೂ ಜಾಸ್ತಿ.

ಆದರೆ ವೈಬ್ರಾಟೋ ಬಂದ ಕೂಡಲೇ ಬ್ಲೂಸ್ ಬಂತು ಅನ್ನೋದನ್ನು ನಾನು ಒಪ್ಪಲ್ಲ. ಇದೇ ಆಲ್ಬಮ್ಮಿನ 'ಹೌ ಬ್ಲೂ ಕ್ಯಾನ್ ಯೂ ಗೆಟ್' ಹಾಡು ಕೇಳಿ. ಕೊನೆಯ ಕಡೆ ಸಾನಿ ಫ್ರೀಮನ್ ನುಡಿಸುವ ಡ್ರಮ್ಸ್, ಹಿತ್ತಾಳೆ ವಾದ್ಯ ಎಲ್ಲ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತವೆ. ಆ ಖಾಲಿಯಲ್ಲಿ ಕಿಂಗ್ ತಾನು ಪ್ರೇಯಸಿಗೆ ಕೊಟ್ಟಿದ್ದನ್ನೆಲ್ಲ ಎಣಿಸುತ್ತಾರೆ, ಕಾರು, ಊಟ, ಕೊನೆಗೆ ಏಳು ಮಕ್ಕಳನ್ನೂ ಕೊಟ್ಟೆ, ಈಗ ವಾಪಸ್ ಕೊಡ್ತೀನಿ ಅಂತಾಳೆ ಎಂದಾಗ ಇಡೀ ಥಿಯೇಟರ್ ಕಿರುಚುತ್ತದೆ. ಆ ಕ್ಷಣದಲ್ಲಿ ಗಿಟಾರ್ ಏನೂ ಮಾಡುತ್ತಿಲ್ಲ!

ಇದನ್ನು ಬ್ಯಾಂಡಿನಲ್ಲಿ ಕೂರಿಸಲು ನಮಗೆ ಕಷ್ಟವಾಗಿದ್ದು ನಿಲ್ಲಿಸೋದೇ. ನಮ್ಮ ಡ್ರಮ್ಮರ್‌ಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತೆ. ಕೊನೆಗೆ ಒಂದು ಉಪಾಯ ಮಾಡಿದೆವು, ಆ ಭಾಗದಲ್ಲಿ ಕೋಲುಗಳನ್ನು ತೊಡೆ ಮೇಲೆ ಇಟ್ಟುಬಿಡಬೇಕು ಅಂತ. ಪಬ್‌ನಲ್ಲಿ ನುಡಿಸಿದಾಗ ಮಾತಾಡುತ್ತಿದ್ದ ಟೇಬಲ್‌ಗಳು ತಿರುಗಿ ನೋಡಿದ್ದು ಸೋಲೋಗಲ್ಲ, ಆ ಖಾಲಿಗೆ.

ಈಗ ಎರಡನೇ ಬದಿಯ 'ವರಿ, ವರಿ' ಹಿಡಿದಿದ್ದೀನಿ. ಗಿಟಾರ್ ಹೇಗೋ ಕೂರುತ್ತಿದೆ, ಕಿಂಗ್ ಕಂಠ ಫಾಲ್ಸೆಟ್ಟೋಗೆ (ತೆಳು ಮೇಲ್ದನಿಗೆ) ಹಾರುವ ಕಡೆ ಮಾತ್ರ ನನ್ನ ಗಂಟಲು ಕೈ ಕೊಡುತ್ತೆ. ಸದ್ಯಕ್ಕೆ ಆ ಸಾಲನ್ನು ಗಿಟಾರಿಗೇ ಬಿಟ್ಟಿದ್ದೀನಿ.